ಆನೆಕಾಸಿನ ಊರುಗಳು

ಮೈಸೂರಿನ ಚಾಮರಾಜಪುರದಲ್ಲಿ, ರೈಲುಹಳಿಯಿಂದ ಕೂಗಳತೆಯ ದೂರದಲ್ಲಿ, ಹೆಂಚು ಹೊದಿಸಿದ ಹಳೆಯ ಮನೆಯೊಂದುಂಟು. ನಡುಮನೆಯ ಕೆಂಪು ಗಾರೆಯ ನೆಲ ಮೂರು ತಲೆಮಾರಿನವರು ತಿರುಗಾಡಿ ನುಣುಪಾಗಿದೆ. ಗೋಡೆಗೆ ಒರಗಿದಂತೆ ಕಬ್ಬಿಣದ ಬೀರು. ಅದರ ನಡುವಣ ಅರೆಯಲ್ಲಿ ನೀಲಿ ರಟ್ಟಿನ ನಾಲ್ಕು ಆಲ್ಬಮ್ಮುಗಳು. ಭಾನುವಾರದ ಸಂಜೆ ಕಾಫಿಯಾದ ಮೇಲೆ ಮನೆಯ ಹಿರಿಯರು ಕೈತೊಳೆದು, ಚೆನ್ನಾಗಿ ಒರೆಸಿಕೊಂಡು, ಅವುಗಳಲ್ಲಿ ಒಂದನ್ನು ತೆಗೆದು ಮೇಜಿನ ಮೇಲೆ ಹಾಸಿದ ಬಿಳಿಯ ಬಟ್ಟೆಯ ಮೇಲಿಡುವರು. ಅವರು ನಿವೃತ್ತ ಉಪಾಧ್ಯಾಯರು. ಹತ್ತು ವರ್ಷದ ಮೊಮ್ಮಗಳು ಎದುರಿಗೆ ಬಂದು ಕುಳಿತುಕೊಳ್ಳುವಳು. ಅಲ್ಲಿಂದ ಮುಂದೆ ಒಂದು ಗಂಟೆಯ ಕಾಲ ಇಬ್ಬರೂ ಊರೂರು ತಿರುಗುವರು. ಒಮ್ಮೆ ಶ್ರೀರಂಗಪಟ್ಟಣ, ಒಮ್ಮೆ ಮಲೆನಾಡಿನ ನಗರ, ಒಮ್ಮೆ ಚಿತ್ರದುರ್ಗ.

ಈ ಪ್ರವಾಸಕ್ಕೆ ಕಾರಣವಾದವು ಮೂರು ತಾಮ್ರದ ಕಾಸುಗಳು. ಹಿರಿಯರ ತಂದೆಯವರ ಕಾಲದಿಂದಲೂ ಅವು ದೇವರ ಮನೆಯ ಒಂದು ತಗಡಿನ ಡಬ್ಬಿಯಲ್ಲಿದ್ದವು. ಜೊತೆಗೆ ವಿಕ್ಟೋರಿಯಾ ರಾಣಿಯ ಬೆಳ್ಳಿ ರೂಪಾಯಿಗಳು ನಾಲ್ಕಾರು, ನಡುವೆ ತೂತಿರುವ ಎರಡನೆಯ ಮಹಾಯುದ್ಧದ ಕಾಲದ ಬಿಲ್ಲೆಗಳು ಹತ್ತೆಂಟು. ವರ್ಷಕ್ಕೊಮ್ಮೆ, ವರಮಹಾಲಕ್ಷ್ಮಿಯ ಹಬ್ಬದ ಹಿಂದಿನ ದಿನ, ಡಬ್ಬಿ ಹೊರಗೆ ಬರುತ್ತಿತ್ತು. ಹಿರಿಯರ ತಾಯಿಯವರು ಹಿತ್ತಲಿನ ಕಲ್ಲಿನ ಮೇಲೆ ಕುಳಿತು, ಹುಣಸೆಹಣ್ಣು, ಉಪ್ಪು, ಇಟ್ಟಿಗೆಯ ಪುಡಿ ಹಾಕಿ, ತೆಂಗಿನ ನಾರಿನಿಂದ ಒಂದೊಂದನ್ನೂ ಉಜ್ಜಿ ಬೆಳಗುತ್ತಿದ್ದರು. ಲಕ್ಷ್ಮಿಯ ಮುಂದಿಡುವ ಹಣ ಮಂಕಾಗಿರಬಾರದೆಂಬುದು ಅವರ ಶ್ರದ್ಧೆ. ತಾಮ್ರ ಹೊಸ ಚೆಂಬಿನಂತೆ ಹೊಳೆಯುತ್ತಿತ್ತು. ಮನೆಮಂದಿ ನೋಡಿ ಸಂತೋಷಪಡುತ್ತಿದ್ದರು.

ಉಪಾಧ್ಯಾಯರು ನಿವೃತ್ತರಾದ ವರ್ಷ ಆ ಡಬ್ಬಿಯನ್ನು ಬಿಡುವಾಗಿ ನೋಡಿದರು. ಮೂರು ಕಾಸುಗಳ ಒಂದು ಮುಖದಲ್ಲಿಯೂ ಆನೆ. ಇನ್ನೊಂದು ಮುಖದಲ್ಲಿ ಪಾರಸಿ ಲಿಪಿ. ಜೊತೆಯಲ್ಲಿ ಕೆಲಸ ಮಾಡಿದ್ದ ಉರ್ದು ಉಪಾಧ್ಯಾಯರೊಬ್ಬರಿಗೆ ತೋರಿಸಲಾಗಿ, ಅವರು ಮೊದಲನೆಯದನ್ನು ಬೆಳಕಿಗೆ ಹಿಡಿದು ‘ಪಟ್ಟನ್’ ಎಂದರು. ಎರಡನೆಯದನ್ನು ನೋಡಿ ‘ನಗರ್’ ಎಂದರು. ಮೂರನೆಯದನ್ನು ಬಹಳ ಹೊತ್ತು ತಿರುಗಿಸಿ ನೋಡಿ ಮೇಜಿನ ಮೇಲಿಟ್ಟರು. ಆನೆಯ ಬೆನ್ನಿನ ಗೆರೆ ಮಾತ್ರ ಉಳಿದಿತ್ತು. ಇನ್ನೊಂದು ಮುಖ ಹಸ್ತದಂತೆ ನುಣುಪು. “ಇದರ ಊರು ಸವೆದುಹೋಗಿದೆ, ಮೇಷ್ಟ್ರೆ” ಎಂದರು.

ಭಕ್ತಿಯಿಂದ ಮಾಡಿದ ಕೆಲಸದಿಂದಲೇ ಒಂದು ಊರಿನ ಹೆಸರು ಅಳಿದುಹೋಗಿತ್ತು. ಆಲ್ಬಮ್ಮುಗಳು ಆ ಮನೆಗೆ ಬಂದದ್ದು ಆ ದಿನದ ಮೇಲೆ.

ಪಟ್ಟಣಕ್ಕೆ

ತಾತ ಮೊಮ್ಮಗಳ ಮೊದಲ ಪ್ರಯಾಣ ಸಮೀಪದ್ದು. ಮೈಸೂರಿನಿಂದ ಶ್ರೀರಂಗಪಟ್ಟಣಕ್ಕೆ ಹದಿನೈದು ಕಿಲೋಮೀಟರು ದೂರ. ಬೆಂಗಳೂರಿನ ರೈಲು ಕಾವೇರಿಯ ಸೇತುವೆ ದಾಟಿ ಕೋಟೆಯ ಒಳಗೇ ಹಾದುಹೋಗುವುದರಿಂದ ಪ್ರಯಾಣಿಕನಿಗೆ ಗಾಡಿಯಲ್ಲಿ ಕುಳಿತಲ್ಲಿಂದಲೇ ಹಳೆಯ ಗೋಡೆಗಳು ಕಾಣುವುವು. ನದಿ ಎರಡಾಗಿ ಸೀಳಿ ಮತ್ತೆ ಕೂಡುವ ನಡುವಿನ ದ್ವೀಪ ಅದು. ರಂಗನಾಥನ ಗೋಪುರ ಒಂದು ಕಡೆ, ಜಾಮಿಯಾ ಮಸೀದಿಯ ಅವಳಿ ಮಿನಾರುಗಳು ಇನ್ನೊಂದು ಕಡೆ. ದರಿಯಾ ದೌಲತ್ತಿನ ತೋಟ, ಗಂಜಾಮಿನ ಗುಂಬಜು, ಇವನ್ನು ನೋಡದ ಮೈಸೂರು ಸೀಮೆಯ ಶಾಲಾಮಕ್ಕಳು ವಿರಳ.

ಸುತ್ತಲಿನ ಹಳ್ಳಿಯವರು ಇಂದಿಗೂ ಈ ಊರನ್ನು ‘ಪಟ್ಟಣ’ವೆಂದೇ ಕರೆಯುವುದುಂಟು. ಟಿಪ್ಪು ಸುಲ್ತಾನನ ಕಾಸಿನ ಮೇಲಿರುವುದೂ ಅದೇ ಹೆಸರು: ‘ಜರ್ಬ್ ಪಟ್ಟನ್’, ಪಟ್ಟಣದಲ್ಲಿ ಅಚ್ಚು ಹೊಡೆದದ್ದು. ಕೋಟೆಯ ಗೋಡೆಯ ಮೇಲೆ ಕುಳಿತು ಆ ಎರಡು ಪದಗಳನ್ನು ತಾತನ ಬಾಯಿಂದ ಕೇಳಿದಾಗ ಮಗುವಿಗೆ ಚರಿತ್ರೆಯ ಪಾಠ ಮೊದಲ ಸಲ ನಿಜವೆನಿಸಿತು. ತಾನು ಬಸ್ಸಿನ ಕಿಟಕಿಯಿಂದ ಕೇಳಿದ ಹೆಸರನ್ನೇ ಸುಲ್ತಾನನ ಟಂಕಸಾಲೆಯವರೂ ಬರೆದಿದ್ದರು.

1782ರಿಂದ 1799ರ ಮೇ 4ರವರೆಗೆ, ಆಳಿದ ಹದಿನೇಳು ವರ್ಷಗಳಲ್ಲಿ, ಟಿಪ್ಪು ಹೊರಡಿಸಿದ ನಾಣ್ಯಗಳ ವೈವಿಧ್ಯ ಆಶ್ಚರ್ಯಕರವಾದುದು. ಜೆ. ಆರ್. ಹೆಂಡರ್ಸನ್ನರು ಹೈದರ್ ಮತ್ತು ಟಿಪ್ಪುವಿನ ನಾಣ್ಯಗಳ ಬಗ್ಗೆ ಬರೆದು 1921ರಲ್ಲಿ ಮದರಾಸಿನಲ್ಲಿ ಪ್ರಕಟವಾದ ಪುಸ್ತಕ ಸಂಗ್ರಾಹಕರಿಗೆ ಈಗಲೂ ಕೈದೀವಿಗೆ. ತಾಮ್ರದ ಕಾಸುಗಳಿಗೆ ಸುಲ್ತಾನನು ಆಕಾಶದ ಜ್ಯೋತಿಗಳ ಹೆಸರಿಟ್ಟನು. ಸುಮಾರು ಹನ್ನೊಂದು ಗ್ರಾಂ ತೂಗುವ ಪೈಸೆ ‘ಜೊಹ್ರಾ’, ಎಂದರೆ ಶುಕ್ರ. ಅದರ ಇಮ್ಮಡಿಯದು ‘ಮುಷ್ತರಿ’, ಗುರು. ಅರ್ಧ ಪೈಸೆ ‘ಬಹ್ರಾಮ್’, ಮಂಗಳ. ಕಾಲು ಪೈಸೆ ‘ಅಖ್ತರ್’, ನಕ್ಷತ್ರ. ಎಲ್ಲಕ್ಕೂ ಚಿಕ್ಕದಾದ ಅರೆಕಾಲು ಪೈಸೆಗೆ ‘ಕುತುಬ್’, ಧ್ರುವ ನಕ್ಷತ್ರದ ಹೆಸರು.

ವರ್ಷವನ್ನು ಓದುವುದರಲ್ಲಿ ಒಂದು ತಮಾಷೆಯುಂಟು. ಟಿಪ್ಪು ಆಳ್ವಿಕೆಯ ನಡುವೆ ಮೌಲೂದಿ ಎಂಬ ಹೊಸ ಶಕೆಯನ್ನು ಜಾರಿಗೆ ತಂದನು. ಅದರ 1215ನೆಯ ವರ್ಷದಿಂದ ನಾಣ್ಯದ ಅಂಕಿಗಳನ್ನು ಬಲದಿಂದ ಎಡಕ್ಕೆ ಬರೆಯುವ ಪದ್ಧತಿ ಬಂದಿತು. ಮನೆಯ ಕಾಸೊಂದರಲ್ಲಿ ಮೊಮ್ಮಗಳು ಎಡದಿಂದ ಓದಿ “4221” ಎಂದು ಕೂಗಿದಳು. “ಅಷ್ಟು ಮುಂದಿನ ಕಾಲದ್ದಲ್ಲ ಮಗು, ತಿರುಗಿಸಿ ಓದು” ಎಂದರು ತಾತ. ಅದು 1224. ಎತ್ತ ಕಡೆಯಿಂದ ಓದಿದರೂ ತಪ್ಪಾಗದ ವರ್ಷ ಯಾವುದೆಂದು ಮರುಪ್ರಶ್ನೆ ಹಾಕಿದರು. ಮಗು ಬೆರಳಿನಿಂದ ಗಾಳಿಯಲ್ಲಿ ಬರೆದು ನೋಡಿ ಉತ್ತರ ಹೇಳಿದಳು: 1221.

ಕೋಟೆಯ ಸುತ್ತಮುತ್ತ ‘ಹಳೇ ಕಾಸು ಬೇಕೇ ಸ್ವಾಮಿ’ ಎಂದು ಬಳಿಗೆ ಬರುವವರಿಂದ ಪ್ರವಾಸಿಗಳು ಎಚ್ಚರದಿಂದಿರುವುದು ಲೇಸು. ಅಚ್ಚಿನ ಏಟಿನಿಂದ ಆದ ನಾಣ್ಯದಲ್ಲಿ ಅಕ್ಷರದ ಅಂಚು ಚೂಪಾಗಿರುವುದು. ಎರಕ ಹೊಯ್ದ ನಕಲಿಯಲ್ಲಿ ಮೈಮೇಲೆ ಸಣ್ಣ ಸಣ್ಣ ಗುಳಿಗಳೂ, ಅಂಚಿನ ಸುತ್ತ ಎರಡು ಭಾಗ ಸೇರಿದ ಗೆರೆಯೂ ಕಾಣಬಹುದು. ಕಾನೂನಿನ ಮಾತೂ ನೆನಪಿರಬೇಕು. ನೆಲದಲ್ಲಿ ಹೂತ ನಿಧಿ ದೊರೆತರೆ ಜಿಲ್ಲಾಧಿಕಾರಿಗೆ ತಿಳಿಸಬೇಕೆಂಬ ನಿಯಮ 1878ರ ಕಾಯಿದೆಯಿಂದ ಬಂದದ್ದು. ನೂರು ವರ್ಷಕ್ಕೆ ಮೀರಿದ ನಾಣ್ಯ ಪ್ರಾಚ್ಯವಸ್ತುವಾದುದರಿಂದ ಖಾಸಗಿಯವರು ಅದನ್ನು ದೇಶದ ಹೊರಕ್ಕೆ ಒಯ್ಯುವುದನ್ನು 1972ರ ಕಾಯಿದೆ ನಿಷೇಧಿಸುತ್ತದೆ. ತಾತ ಮೊಮ್ಮಗಳು ಆ ದಿನ ಏನನ್ನೂ ಕೊಳ್ಳದೆ, ಕೈಯಲ್ಲಿದ್ದ ಒಂದು ಕಾಸನ್ನೇ ಚೆನ್ನಾಗಿ ಓದಿಕೊಂಡು ಸಂಜೆಯ ಗಾಡಿಗೆ ಮರಳಿದರು.

ಪುಟ ಕಟ್ಟುವ ಬಗೆ

ಆಲ್ಬಮ್ಮಿನ ವಿಷಯದಲ್ಲಿ ಉಪಾಧ್ಯಾಯರು ಮೊದಲು ಒಂದು ತಪ್ಪು ಮಾಡಿದರು. ಬೀದಿಯ ಅಂಗಡಿಯಿಂದ ಮೆತ್ತನೆಯ, ಹೊಳಪಿನ ಪ್ಲಾಸ್ಟಿಕ್ ಹಾಳೆಗಳನ್ನು ಕೊಂಡುತಂದು ಕಾಸುಗಳನ್ನು ಜೋಡಿಸಿಟ್ಟರು. ಎರಡು ಮಳೆಗಾಲ ಕಳೆಯಿತು. ತೆಗೆದು ನೋಡಿದರೆ ತಾಮ್ರದ ಮೇಲೆ ಅಂಟಂಟಾದ ಹಸಿರು ಲೇಪ! ಹೊಸ ರೈನ್‌ಕೋಟಿನ ವಾಸನೆ ಬರುವ ಮೆತ್ತನೆಯ ಹಾಳೆ ಸಾಮಾನ್ಯವಾಗಿ ಪಿವಿಸಿ ಎಂಬ ವಸ್ತುವಿನದು. ಕಾಲಕ್ರಮದಲ್ಲಿ ಅದು ಮೆತ್ತಗಿರಲು ಬೆರೆಸಿದ ದ್ರವ್ಯವನ್ನೂ ಆಮ್ಲವನ್ನೂ ಹೊರಬಿಡುವುದು. ಆ ಆಮ್ಲ ಲೋಹವನ್ನು ತಿನ್ನುವುದು. ನಾಣ್ಯಕ್ಕೆ ತಕ್ಕವು ಪಾಲಿಪ್ರೊಪಿಲೀನ್, ಪಾಲಿಎಥಿಲೀನ್ ಅಥವಾ ಮೈಲಾರ್ ಎಂಬ ಪಾಲಿಯೆಸ್ಟರ್ ಹಾಳೆಗಳು. ಇವು ತುಸು ಗಡುಸು, ಮಡಿಸಿದರೆ ಸದ್ದಾಗುವುವು, ವಾಸನೆಯಿರುವುದಿಲ್ಲ.

ಈಗ ಆ ಮನೆಯಲ್ಲಿ ಅನುಸರಿಸುವ ಕ್ರಮ ಸರಳವಾದುದು. ಎರಡು ಅಂಗುಲ ಚದರದ ರಟ್ಟಿನ ಚೌಕಟ್ಟಿನ ನಡುವೆ ದುಂಡನೆಯ ಕಿಟಕಿ. ಕಿಟಕಿಗೆ ಮೈಲಾರ್ ಪೊರೆ. ನಾಣ್ಯವನ್ನು ನಡುವೆ ಇಟ್ಟು, ಚೌಕಟ್ಟನ್ನು ಮಡಿಸಿ, ಮೂರು ಕಡೆ ಪಿನ್ನು ಹೊಡೆಯುವರು. ಪಿನ್ನಿನ ಕಾಲುಗಳನ್ನು ಇಕ್ಕಳದಿಂದ ಚಪ್ಪಟೆ ಮಾಡದಿದ್ದರೆ ಪಕ್ಕದ ನಾಣ್ಯಕ್ಕೆ ಗೀರು ಬೀಳುವುದು. ಇಂತಹ ಚೌಕಟ್ಟುಗಳು ಹಾಳೆಯ ಜೇಬುಗಳಲ್ಲಿ ಕುಳಿತುಕೊಳ್ಳುವುವು. ಹಾಳೆ ಮಗುಚಿದರೆ ನಾಣ್ಯದ ಎರಡೂ ಮುಖಗಳು ಕಾಣುವುದರಿಂದ ನೋಡುವವರು ಕೈಹಾಕಬೇಕಾದ ಅಗತ್ಯವೇ ಬೀಳುವುದಿಲ್ಲ. ಹಾಕಲೇಬೇಕಾದಾಗ ಅಂಚನ್ನು ಮಾತ್ರ ಎರಡು ಬೆರಳುಗಳಿಂದ ಹಿಡಿಯಬೇಕು. ಬೆವರಿನ ಉಪ್ಪೂ ಚರ್ಮದ ಜಿಡ್ಡೂ ಲೋಹದ ಮೇಲೆ ಬೆರಳಿನ ಗುರುತನ್ನು ಶಾಶ್ವತವಾಗಿ ಮುದ್ರಿಸಬಲ್ಲವು. ಕೆಳಗೆ ಬಟ್ಟೆ ಹಾಸುವುದು ಜಾರಿ ಬಿದ್ದರೆ ಪೆಟ್ಟಾಗದಿರಲೆಂದು.

ಆಲ್ಬಮ್ಮುಗಳನ್ನು ಒಂದರ ಮೇಲೊಂದು ಹೇರದೆ ಪುಸ್ತಕಗಳಂತೆ ನೆಟ್ಟಗೆ ನಿಲ್ಲಿಸಿದ್ದಾರೆ; ಇಲ್ಲವಾದರೆ ಮೇಲಿನ ಭಾರವೆಲ್ಲ ಕೆಳಗಿನ ಪುಟದ ಮೇಲೆ ಬೀಳುವುದು. ಬೀರುವಿನ ಆ ಅರೆಯಲ್ಲಿ ನುಸಿಗುಳಿಗೆಯನ್ನಿಡುವುದಿಲ್ಲ. ರಬ್ಬರ್ ಬ್ಯಾಂಡೂ ಉಣ್ಣೆಯ ಬಟ್ಟೆಯೂ ಅಲ್ಲಿಗೆ ಬರುವಂತಿಲ್ಲ, ಏಕೆಂದರೆ ಅವುಗಳಲ್ಲಿರುವ ಗಂಧಕ ಬೆಳ್ಳಿಯನ್ನು ಕಪ್ಪಾಗಿಸುವುದು. ತೇವ ಹೀರುವ ಸಿಲಿಕಾ ಜೆಲ್ಲಿನ ಪೊಟ್ಟಣಗಳು ಮೂಲೆಯಲ್ಲಿರುವುವು. ಆಷಾಢ ಶ್ರಾವಣಗಳಲ್ಲಿ ಅವನ್ನು ಮತ್ತೆ ಮತ್ತೆ ಬದಲಿಸುವರು. ಮಂಗಳೂರು, ಉಡುಪಿಗಳ ಉಪ್ಪುಗಾಳಿಯಲ್ಲಿ ವಾಸಿಸುವವರಿಗೆ ಈ ಎಚ್ಚರಿಕೆ ಇನ್ನೂ ಹೆಚ್ಚಾಗಿ ಬೇಕು. ತಾಮ್ರದ ಮೇಲೆ ಪುಡಿಪುಡಿಯಾದ ತಿಳಿಹಸಿರು ಚುಕ್ಕೆ ಕಂಡರೆ ಆ ನಾಣ್ಯವನ್ನು ಒಡನೆಯೇ ಬೇರೆಯಿಟ್ಟು ಬಲ್ಲವರಿಗೆ ತೋರಿಸತಕ್ಕದ್ದು.

ಎಲ್ಲಕ್ಕಿಂತ ಮುಖ್ಯವಾದ ನಿಯಮ ಒಂದೇ: ತೊಳೆಯಬಾರದು, ಉಜ್ಜಬಾರದು. ಹಳೆಯ ತಾಮ್ರದ ಮೇಲಿನ ಕಂದುಬಣ್ಣ ಕೊಳೆಯಲ್ಲ. ಲೋಹವು ಗಾಳಿಯೊಡನೆ ಬೆರೆತು ವರ್ಷಾಂತರಗಳಲ್ಲಿ ತನಗೆ ತಾನೇ ಹೊದ್ದುಕೊಂಡ ಹೊದಿಕೆ ಅದು. ಹುಣಸೆಯ ಹುಳಿ ಆ ಹೊದಿಕೆಯನ್ನು ಕರಗಿಸುವುದು. ಇಟ್ಟಿಗೆಯ ಪುಡಿ ಅದರ ಕೆಳಗಿನ ಅಕ್ಷರವನ್ನು ತೇಯುವುದು. ಚೆಂಬನ್ನು ಬೆಳಗಿದರೆ ಚೆಂಬು ಚೆಂಬಾಗಿಯೇ ಉಳಿದೀತು. ಕಾಸನ್ನು ಬೆಳಗುತ್ತ ಹೋದರೆ ಕಡೆಗೆ ಉಳಿಯುವುದು ಬರಿಯ ಬಿಲ್ಲೆ.

ಚೀಟಿಯ ಮಹತ್ವ

ಪ್ರತಿಯೊಂದು ನಾಣ್ಯದ ಕೆಳಗೆ ಒಂದು ಚೀಟಿಯುಂಟು. ಊರು, ವರ್ಷ, ಲೋಹ, ತೂಕ, ಅಗಲ. ಅದು ಯಾರಿಂದ, ಎಂದು, ಯಾವ ಬೆಲೆಗೆ ಬಂದಿತೆಂಬ ವಿವರ. ಮೊಮ್ಮಗಳ ದುಂಡು ಅಕ್ಷರಗಳಲ್ಲಿ ಪೆನ್ಸಿಲಿನಿಂದ ಬರೆದದ್ದು. ರಾಜರ ಕಾಲಕ್ರಮದಂತೆ ಜೋಡಿಸುವುದು ಸಾಮಾನ್ಯ ಪದ್ಧತಿ. ಆದರೆ ಈ ಮನೆಯ ಮೊದಲ ಆಲ್ಬಮ್ಮಿನಲ್ಲಿ ಊರುಗಳಂತೆ ಜೋಡಿಸಿದ್ದಾರೆ. ಊರಿಗೊಂದು ಪುಟ, ಆ ಊರಿನ ಕಾಸು ಇಲ್ಲದಿದ್ದರೂ ಪುಟ ಮಾತ್ರ ಕಾದಿರುವುದು.

ಒಂದು ಪುಟದ ಮೇಲೆ ‘ನಜರ್ಬಾರ್’ ಎಂದಿದೆ. ಅದಕ್ಕಾಗಿ ದೂರ ಹೋಗಬೇಕಾಗಲಿಲ್ಲ. ಟಿಪ್ಪು ಹಳೆಯ ಮೈಸೂರು ಕೋಟೆಯನ್ನು ಕೆಡವಿಸಿ ಪಕ್ಕದಲ್ಲಿ ಕಟ್ಟಲು ಹೊರಟ ಊರೇ ಇಂದಿನ ಮೈಸೂರಿನ ನಜರ್‌ಬಾದ್ ಬಡಾವಣೆ. ದಿನವೂ ಶಾಲೆಗೆ ಹೋಗುವ ದಾರಿಯಲ್ಲಿ ಒಂದು ಟಂಕಸಾಲೆಯ ಹೆಸರನ್ನು ದಾಟಿಹೋಗುತ್ತಿದ್ದೆನೆಂದು ತಿಳಿದು ಮಗು ಬೆರಗಾದಳು.

ನಗರದ ಪುಟ ಅವರನ್ನು ಮಲೆನಾಡಿಗೆ ಕರೆದೊಯ್ದಿತು. ಶಿವಮೊಗ್ಗ ಜಿಲ್ಲೆಯ ಹೊಸನಗರ ತಾಲ್ಲೂಕಿನ ಈ ಪುಟ್ಟ ಊರು ಒಂದು ಕಾಲದಲ್ಲಿ ಕೆಳದಿಯ ಅರಸರ ರಾಜಧಾನಿ ಬಿದನೂರು. 1763ರಲ್ಲಿ ಹೈದರಾಲಿ ಅದನ್ನು ಗೆದ್ದು ಹೈದರ್‌ನಗರವೆಂದು ಕರೆದನು. ಕಾಲ ಕಳೆದಂತೆ ಹೈದರನ ಹೆಸರು ಉದುರಿ ‘ನಗರ’ ಉಳಿಯಿತು. ಹೈದರನು ಗೆದ್ದ ಮೇಲೂ ಕೆಳದಿಯ ವರಾಹದ ಮೇಲಿನ ಶಿವಪಾರ್ವತಿಯರನ್ನು ಅಳಿಸಲಿಲ್ಲ. ಚಿನ್ನದ ವರಾಹದ ಒಂದು ಮುಖದಲ್ಲಿ ಅವರನ್ನು ಹಾಗೆಯೇ ಉಳಿಸಿಕೊಂಡು, ಇನ್ನೊಂದು ಮುಖದಲ್ಲಿ ತನ್ನ ಹೆಸರಿನ ಮೊದಲಕ್ಷರವನ್ನು ಮಾತ್ರ ಹಾಕಿಸಿದನು. ಅಂಥ ಚಿನ್ನ ಈ ಮನೆಯಲ್ಲಿಲ್ಲ. ಪುಟದಲ್ಲಿ ಅದರ ಚಿತ್ರವನ್ನು ಅಂಟಿಸಿದ್ದಾರೆ. ಇವರು ಹೋದಾಗ ಕೋಟೆಯ ಗೋಡೆಗಳ ಮೇಲೆ ಪಾಚಿ, ಜರಿಗಿಡ. ಸಣ್ಣನೆಯ ಮಳೆ ಬಿಡದೆ ಸುರಿಯುತ್ತಿತ್ತು. ಕೊಡೆಯ ಕೆಳಗೆ ನಿಂತು ಮಗು ಕೇಳಿದಳು: “ತಾತ, ಈ ಮಳೆಯಲ್ಲೂ ಕಾಸಿಗೆ ಏನೂ ಆಗಲಿಲ್ಲವಲ್ಲ?” “ಮಳೆ ಬಿಟ್ಟದ್ದನ್ನು ನಮ್ಮ ಹುಣಸೆಹಣ್ಣು ಬಿಡಲಿಲ್ಲ” ಎಂದರು ತಾತ.

‘ಫರುಖ್ಯಾಬ್ ಹಿಸಾರ್’ ಎಂಬ ಪುಟದ ಊರನ್ನು ಮೊಮ್ಮಗಳು ಭೂಪಟದಲ್ಲಿ ಎರಡು ದಿನ ಹುಡುಕಿದರೂ ಸಿಕ್ಕಲಿಲ್ಲ. ಸಿಕ್ಕುವಂತೆಯೂ ಇರಲಿಲ್ಲ, ಅದು ಚಿತ್ರದುರ್ಗಕ್ಕೆ ಟಿಪ್ಪು ಇಟ್ಟ ಹೆಸರು. 1779ರಲ್ಲಿ ಮದಕರಿ ನಾಯಕನಿಂದ ಹೈದರನ ಕೈಗೆ ಬಂದ ಆ ಏಳುಸುತ್ತಿನ ಕೋಟೆಗೆ ದಸರೆಯ ರಜೆಯಲ್ಲಿ ಹೋದರು. ಬಂಡೆಗಳ ನಡುವೆ ದಾರಿ ಹತ್ತಿ ಇಳಿದು, ಟಂಕಸಾಲೆಯೆಂದು ತೋರಿಸುವ ಮಣ್ಣಿನ ಗೋಡೆಗಳ ಎದುರಿಗೆ ನಿಂತರು. ಸೂರಿಲ್ಲ, ಗೋಡೆಯ ಸಂದುಗಳಲ್ಲಿ ಹುಲ್ಲು ಬೆಳೆದಿದೆ. ತಾತ ಚೀಲದಿಂದ ಏನನ್ನೂ ತೆಗೆಯಲಿಲ್ಲ. ಚಿತ್ರದುರ್ಗದ ಪುಟ ಇನ್ನೂ ಬರಿದಾಗಿದೆ. ಮಗು ಮನೆಗೆ ಬಂದು ಆ ಪುಟದ ಚೀಟಿಯಲ್ಲಿ ಬರೆದಳು: ‘ಊರು ನೋಡಿದ್ದಾಯಿತು. ಕಾಸು ಬರಬೇಕು.’

ಇಂದಿನ ಕಾಸಿಗೂ ಒಂದು ಊರು

ಹಳೆಯ ನಾಣ್ಯ ಕೈಗೆಟುಕದ ಮನೆಯವರು ನಿರಾಶರಾಗಬೇಕಾದುದಿಲ್ಲ. ಎರಡನೆಯ ಆಲ್ಬಮ್ಮಿನಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ ತಾಮ್ರದ ಕಾಸುಗಳಿವೆ. ಮೊಮ್ಮಗಳು ಯಾರ ಸಹಾಯವೂ ಇಲ್ಲದೆ ಓದಿದ ಮೊದಲ ಹಳೆಯ ನಾಣ್ಯ ಅದು; ‘ಮಯಿಲಿ ಕಾಸು 20’ ಎಂದು ಕನ್ನಡದಲ್ಲಿಯೇ ಬರೆದಿದೆ. ಮೂರನೆಯದು ಬ್ರಿಟಿಷರ ಕಾಲದ್ದು. ನಾಲ್ಕನೆಯದರಲ್ಲಿರುವುವು ಸ್ವತಂತ್ರ ಭಾರತದ ಕಾಸುಗಳು. ರೂಪಾಯಿಗೆ ಹದಿನಾರಾಣೆಯ ಲೆಕ್ಕ ಹೋಗಿ 1957ರ ಏಪ್ರಿಲ್ 1ರಂದು ಬಂದ ನಯಾಪೈಸೆ, 1968ರಿಂದ ಬಂದ ತಾವರೆಯ ಇಪ್ಪತ್ತು ಪೈಸೆ, ಊದಿದರೆ ಹಾರುವಂತಹ ಅಲ್ಯುಮಿನಿಯಮ್ಮಿನ ಬಿಲ್ಲೆಗಳು. ಇಪ್ಪತ್ತೈದು ಪೈಸೆಯೂ ಅದಕ್ಕಿಂತ ಚಿಕ್ಕವೂ 2011ರ ಜೂನ್ 30ರಂದು ಚಲಾವಣೆಯಿಂದ ಹಿಂದೆ ಸರಿದವು. ಅಜ್ಜಿಯರ ಸಾಸಿವೆ ಡಬ್ಬಿಯಲ್ಲಿಯೋ ಹಳೆಯ ಸಂದೂಕದ ತಳದಲ್ಲಿಯೋ ಅವು ಇನ್ನೂ ಸಿಕ್ಕುವುವು.

ಇವುಗಳ ಮೇಲೂ ಊರಿನ ಗುರುತುಂಟು. ವರ್ಷದ ಅಂಕಿಯ ಕೆಳಗೆ ಸಣ್ಣ ನಕ್ಷತ್ರವಿದ್ದರೆ ಹೈದರಾಬಾದು; ವಜ್ರದ ಆಕಾರವಿದ್ದರೆ ಮುಂಬಯಿ; ದುಂಡು ಚುಕ್ಕೆಯಿದ್ದರೆ ನೋಯ್ಡಾ; ಏನೂ ಇಲ್ಲದಿದ್ದರೆ ಕಲ್ಕತ್ತೆ. ತರಕಾರಿ ಅಂಗಡಿಯ ಚಿಲ್ಲರೆಯಲ್ಲಿಯೇ ನಾಲ್ಕು ಊರುಗಳ ಆಲ್ಬಮ್ಮೊಂದನ್ನು ಮಗು ಈ ವಾರವೇ ಆರಂಭಿಸಬಹುದು.

ಹಬ್ಬದ ದಿನ

ಆಲ್ಬಮ್ಮುಗಳು ಬಂದ ಮೇಲೆ ಮೊದಲ ವರಮಹಾಲಕ್ಷ್ಮಿ ಹಬ್ಬ ಬಂದಾಗ ಮನೆಯಲ್ಲಿ ಸಣ್ಣ ಬಿಕ್ಕಟ್ಟು ಉಂಟಾಯಿತು. ಅತ್ತೆಯವರು ನಡೆಸಿಕೊಂಡು ಬಂದ ಪದ್ಧತಿಯನ್ನು ಬಿಡುವುದು ಅಜ್ಜಿಗೆ ಸಮ್ಮತವಾಗಲಿಲ್ಲ. “ಹಿರಿಯರ ಹಣವನ್ನು ದೇವಿಯ ಮುಂದಿಡದೆ ಬೀರುವಿನಲ್ಲಿ ಬೀಗ ಹಾಕಿಡುವುದೇ?” ಎಂದರು. ತಾತನಿಗೆ ಉತ್ತರ ಹೊಳೆಯಲಿಲ್ಲ. ಎರಡು ದಿನ ಮಾತು ಕಡಿಮೆಯಾಯಿತು. ದಾರಿ ತೋರಿಸಿದವಳು ಮೊಮ್ಮಗಳು. ಆಗಲೇ ಉಜ್ಜಿ ಸವೆದ ವಿಕ್ಟೋರಿಯಾ ರೂಪಾಯಿಗಳೆರಡನ್ನು ಪೂಜೆಗೆಂದೇ ಬೇರೆಯಿಡುವುದು. ಅರಿಸಿನ ಕುಂಕುಮ ಅವಕ್ಕೆ. ಉಳಿದವೆಲ್ಲ ಆಲ್ಬಮ್ಮಿನಲ್ಲಿಯೇ ಇರಲಿ. ಆಲ್ಬಮ್ಮನ್ನೇ ಕಲಶದ ಪಕ್ಕದ ಮಣೆಯ ಮೇಲಿಟ್ಟರಾಯಿತು. ಅಜ್ಜಿ ಒಂದು ಗಳಿಗೆ ಯೋಚಿಸಿ, ನೀಲಿ ರಟ್ಟಿನ ಮೇಲೆ ಒಂದು ಹೂ ಏರಿಸಿದರು. ಅಂದಿನಿಂದ ಆ ಮನೆಯ ಪದ್ಧತಿ ಅದೇ.

ಸಂಜೆ ಅರಿಸಿನ ಕುಂಕುಮಕ್ಕೆ ಬಂದವರೆಲ್ಲ ಪುಟ ತಿರುಗಿಸಿ ನೋಡಿದರು. ಪಟ್ಟಣದ ಆನೆಯನ್ನೂ ನಗರದ ಆನೆಯನ್ನೂ ಮೆಚ್ಚಿ, ಕಡೆಯ ಪುಟದ ಒಂಟಿ ಕಾಸಿನ ಬಳಿ ನಿಂತರು. ಅದನ್ನು ಆಲ್ಬಮ್ಮಿನಿಂದ ತೆಗೆದುಹಾಕಬೇಕೆಂದು ಯಾರಿಗೂ ಎಂದೂ ತೋರಿಲ್ಲ. ತೂಕ ಜೊತೆಯವಕ್ಕಿಂತ ಕಡಿಮೆ. ಆನೆಯ ಬೆನ್ನು ಮಾತ್ರ ಕಾಣುವುದು. ಊರು, ವರ್ಷ ಎಂಬಲ್ಲಿ ಮೊಮ್ಮಗಳು ಗೆರೆ ಎಳೆದು ಬಿಟ್ಟಿದ್ದಾಳೆ. ಯಾರಿಂದ ಬಂದದ್ದು ಎಂಬಲ್ಲಿ ಮಾತ್ರ ತಾತ ತಮ್ಮ ಕೈಯಿಂದಲೇ ಬರೆದಿದ್ದಾರೆ: ‘ನಮ್ಮ ತಾಯಿಯವರು ಪ್ರತಿವರ್ಷವೂ ಬೆಳಗಿದ್ದು.’